ಹಾರ್ಮೋನಿಯಂನೊಳಗಿನ ಪ್ಯಾಸೆಂಜರುಗಳು

ನನ್ನ ದಡ್ಡತನವನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ, ಆಮೇಲೆ ನೀವೂ ನಾನೂ ಆರಾಮವಾಗಿ ಕೂತು ಮಾತಾಡಬಹುದು. ಒಬ್ಬ ಮನುಷ್ಯ ವರ್ಷಗಟ್ಟಲೆ ಹದವಾದ ತೇವದಲ್ಲಿಟ್ಟು, ಎಳೆಕೂಸಿನ ಹಾಗೆ ಜೋಪಾನ ಮಾಡಿ ಮಾಗಿಸಿದ್ದ ಎಂಟು ಸಿಗಾರ್‌ಗಳನ್ನು ನಾನು ಬಸವಕಲ್ಯಾಣದ ಏಪ್ರಿಲ್ ಬಿಸಿಲಿನಲ್ಲಿ, ನಮ್ಮ ಮಾಳಿಗೆಯ ಮೇಲೆ, ಅವ್ವನ ಸಂಡಿಗೆಯ ಪಕ್ಕಕ್ಕೆ ಸಾಲಾಗಿ ಒಣಹಾಕಿದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಕೆಲಸಕ್ಕೆ ಹೋಗುವ ಮುಂಚೆ ಮತ್ತೊಮ್ಮೆ ಮೇಲೆ ಹತ್ತಿ, ಎಲ್ಲವನ್ನೂ ಇನ್ನೊಂದು ಮಗ್ಗುಲಿಗೆ ಹೊರಳಿಸಿಯೂ ಬಂದಿದ್ದೆ. ಅಷ್ಟು ಶ್ರದ್ಧೆ.

ಸಿಗಾರ್‌ಗಳು ನಮ್ಮ ಪಕ್ಕದ ಮನೆಯ ಕಂಟ್ರೋಲರ್ ಕಾಕಾನವು. ಹೆಸರು ಬೇರೆ ಇತ್ತು, ಆದರೆ ಅವರ ಹೆಂಡತಿಯೇ ಅದನ್ನು ಬಳಸುತ್ತಿರಲಿಲ್ಲ, ನಾನ್ಯಾಕೆ ಬಳಸಲಿ. ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ರಿಟೈರ್ ಆದವರು. ಹೋದ ವರ್ಷ ಮಗಳ ಊರಿಗೆ ಹತ್ತಿರವಾಗಲೆಂದು ಕಲಬುರಗಿಗೆ ಮನೆ ಮಾಡಿಕೊಂಡು ಹೋದರು. ಈಗ ಅವರ ಮನೆಗೆ ಬಾಡಿಗೆಗೆ ಬಂದವರು ಎಷ್ಟು ಸಭ್ಯರೆಂದರೆ, ಅಣಕಿಸುವುದಕ್ಕೆ ನನಗೆ ಏನೂ ಸಿಗುತ್ತಿಲ್ಲ. ಕೆಮ್ಮುವುದಕ್ಕೂ ಅಪ್ಪಣೆ ಕೇಳಿ ಕೆಮ್ಮುತ್ತಾರೆ. ಕೈ ತುಕ್ಕು ಹಿಡಿಯಬಾರದೆಂದು ಹಳೆಯ ಕಾಕಾನನ್ನು ನೆನೆಸಿಕೊಂಡು ಬರೆಯುತ್ತಿದ್ದೇನೆ.

ನನ್ನ ಕಸುಬು ಹಗಲಿಗೊಂದು, ಮದುವೆ ಸೀಜನ್ನಿಗೊಂದು. ಹಗಲು ಹುಮನಾಬಾದ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುತ್ತೇನೆ, ಗುಳ್ಳೆ ಸಮೇತ. ಸೀಜನ್ನಿನಲ್ಲಿ ಆರತಕ್ಷತೆಯ ಮೈಕು ಹಿಡಿದು ಬೀಗರ ದನಿಗಳನ್ನು ಮಿಮಿಕ್ರಿ ಮಾಡುತ್ತೇನೆ. ಊಟಕ್ಕೆ ಮುಂಚೆ ಮಾಡಿದರೆ ನಗುತ್ತಾರೆ, ಊಟದ ನಂತರ ಮಾಡಿದರೆ ಬಡಿಯುತ್ತಾರೆ. ಬಚ್ಚಲಿನಿಂದ ನಾನು ಟವೆಲ್ ಕೇಳಿದರೆ ನಮ್ಮವ್ವ ಈಗಲೂ “ಯಾರದು” ಅಂತ ವಿಚಾರಿಸಿಯೇ ಕೊಡುತ್ತಾಳೆ.

ಕಂಟ್ರೋಲರ್ ಕಾಕಾ ನನ್ನ ಮೊದಲ ಪಾಠ. ಸ್ಟ್ಯಾಂಡಿನ ಮೈಕಿನಲ್ಲಿ “ಪ್ರಯಾಣಿಕರ ಗಮನಕ್ಕೆ” ಎಂದು ಹೇಳಿ ಒಂದು ದೀರ್ಘ ಮೌನ ಬಿಡುತ್ತಿದ್ದರು, ಆ ಮೌನದೊಳಗೆ ಬಸ್ಸು ಬಂದರೂ ಬರಬಹುದು ಎನ್ನುವ ಆಸೆಯಿಂದ. ತಡ ಎನ್ನುವ ಶಬ್ದ ಅವರ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿಲ್ಲ. ಮನ್ನಾಏಖೇಳ್ಳಿ ಬಸ್ಸು ಎಲ್ಲಿ ಕೆಟ್ಟು ನಿಂತಿದ್ದರೂ ಅವರದು ಒಂದೇ ಮಾತು, “ಬರಾಕತ್ತದ.” ಅವರ ಕಿವಿಯದು ಇನ್ನೊಂದು ಕಥೆ. ಸಂಜೆ ನಮ್ಮ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತು, ಗದ್ದ ಸ್ವಲ್ಪ ಮೇಲೆತ್ತಿ, ರಸ್ತೆಯ ಸದ್ದಿಗೆ ಹೆಸರಿಡುತ್ತಿದ್ದರು. ಇದು ಹುಲಸೂರಿಂದು. ಇದು ಮುಡಬಿದು, ಡ್ರೈವರ್ ಹೊಸಬ ಇದ್ದಾನ, ಗೇರಿನ ಮ್ಯಾಲ ಸಿಟ್ಟು ತೀರಿಸಾಕತ್ತಾನ. ಓಡಿಹೋಗಿ ನೋಡಿದರೆ ಮುಡಬಿಯದೇ. ಒಮ್ಮೆ ಗೋಡೆಯ ಮರೆಗೆ ನಿಂತು ನಾನು ಭಾಲ್ಕಿ ಗಾಡಿಯ ಹಾರ್ನನ್ನು ಗಂಟಲಿನಲ್ಲೇ ತೆಗೆದೆ. ಕಾಕಾ ಕಣ್ಣು ತೆರೆಯದೆ, “ಇದು ಗಾಡಿ ಅಲ್ಲ, ನೀ” ಅಂದರು.

ಇಂಥವರಿಗೆ ಸಿಗಾರ್ ಹುಚ್ಚು ಹತ್ತಿದ್ದು ಮಸ್ಕತ್ ಚಾಚಾನಿಂದ. ಚಾಚಾ ಇವರ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ವರ್ಷ ಫೇಲಾದವರು. ಒಬ್ಬರು ಬಸ್ಸಿಗೆ ಸೀಟಿ ಊದುವುದಕ್ಕೆ ಹೋದರು, ಇನ್ನೊಬ್ಬರು ಮಸ್ಕತ್‌ನಲ್ಲಿ ಒಬ್ಬ ಸೇಠನ ಕಾರು ಓಡಿಸುವುದಕ್ಕೆ. ಆ ಸೇಠ್ ಹಬ್ಬಕ್ಕೆ ಬಟ್ಟೆಯ ಜೊತೆ ಒಂದಷ್ಟು ಸಿಗಾರ್ ಕೊಡುತ್ತಿದ್ದ. ಚಾಚಾ ರಜೆಗೆ ಬಂದಾಗ ಅವನ್ನು ಖರ್ಜೂರದ ಪಾಕೀಟಿನ ಜೊತೆ ತಂದು ಗೆಳೆಯನ ಕೈಗಿಡುತ್ತಿದ್ದರು. ಮೊದಲ ಸಲ ಕಾಕಾ ಅದನ್ನು ಒಂದು ಬೇಸಿಗೆ ಪೂರ್ತಿ ಟ್ರಂಕಿನಲ್ಲಿಟ್ಟು, ಆಮೇಲೆ ಬೀಡಿಯ ಹಾಗೆ ಭರಭರ ಎಳೆದರು. ನಮ್ಮ ಕಡೆಯ ಒಣಗಾಳಿ ಜೋಳದ ದಂಟನ್ನೇ ಬಿಡುವುದಿಲ್ಲ, ಇನ್ನು ಸಿಗಾರನ್ನು ಬಿಡುತ್ತದೆಯೇ. ಹೊಟ್ಟು ಸುಟ್ಟ ಹಾಗೆ ಉರಿಯಿತು. ಕಾಕಾ ತಲೆ ಹಿಡಿದುಕೊಂಡು ಕೂತರು. ಅವರ ಹೆಂಡತಿ ಕಾಕು ಎರಡು ಲೋಟ ಮಜ್ಜಿಗೆ ಕುಡಿಸಿ, ಮೂರನೆಯದನ್ನು ನೆತ್ತಿಯ ಮೇಲೆ ಸುರಿದಳು.

ಸಿಗಾರಿಗೆ ಅದರದೇ ಹವಾ ಬೇಕು, ಅದನ್ನು ಕಾಯುವ ಪೆಟ್ಟಿಗೆಗೆ ಹ್ಯುಮಿಡರ್ ಎನ್ನುತ್ತಾರೆ, ಸೇಠನ ಮನೆಯಲ್ಲಿ ಇರುವುದಕ್ಕೆ ಒಂದು ಮೋಟರ್ ಸೈಕಲ್‌ನ ಬೆಲೆ ಎಂದು ಚಾಚಾ ಫೋನಿನಲ್ಲಿ ಹೇಳಿದರಂತೆ. ಕಾಕಾ ಮರುದಿನ ಅಂಗಡಿಗೆ ಬಂದು ನನ್ನ ಮೊಬೈಲಿನಲ್ಲಿ ವಿಡಿಯೋ ಹಾಕಿಸಿಕೊಂಡು ನೋಡಿದರು. ಇಂಗ್ಲಿಷಿನವನು ಮಾತಾಡುವುದನ್ನು ನಾನು ಕನ್ನಡದಲ್ಲಿ, ಕಾಕಾನದೇ ಅನೌನ್ಸ್‌ಮೆಂಟ್ ದನಿಯಲ್ಲಿ ಹೇಳಿದೆ. ಪೂರ್ತಿ ಕೇಳಿ, “ಪೆಟ್ಟಿಗಿ ಅಷ್ಟ ತಾನೇ, ಮಾಡೂಣು” ಎಂದರು.

ಮೊದಲನೆಯ ಪೆಟ್ಟಿಗೆ ಕಾಕುವಿನ ಅಡುಗೆಮನೆಯಿಂದ ಕಾಣೆಯಾದ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ಗಟ್ಟಿ, ಗಾಳಿ ಆಡದು, ಎಲ್ಲ ಸರಿ. ಆದರೆ ಅದರಲ್ಲಿ ಮೊದಲು ಶೇಂಗಾ ಹಿಂಡಿ ಇತ್ತು. ತಿಂಗಳ ನಂತರ ತೆರೆದರೆ ಸಿಗಾರಿಗೆ ಬೆಳ್ಳುಳ್ಳಿಯ ಘಮ ಹತ್ತಿ, ಹೊಲಕ್ಕೆ ಕಟ್ಟಿಕೊಟ್ಟ ಬುತ್ತಿಯ ವಾಸನೆ ಬರುತ್ತಿತ್ತು. ಎರಡನೆಯದು ಮೆಡಿಕಲ್ ಅಂಗಡಿಯ ಥರ್ಮಾಕೋಲ್ ಪೆಟ್ಟಿಗೆ. ಅದನ್ನು ಇಲಿ ಇಷ್ಟಪಟ್ಟಿತು. ಮೂರನೆಯದೇ ಹಾರ್ಮೋನಿಯಂ.

ನಮ್ಮ ಓಣಿಯ ಭಜನಾ ಮಂಡಳಿಯವರು ಕೀಬೋರ್ಡ್ ತಂದ ಮೇಲೆ ಹಳೆಯ ಹಾರ್ಮೋನಿಯಂ ಗುಜರಿ ಪಾಲಾಗಿತ್ತು. ಕಾಕಾ ಅದನ್ನು ತೂಕದ ಲೆಕ್ಕದಲ್ಲಿ ಎತ್ತಿಕೊಂಡು ಬಂದರು. ಗಾಳಿ ಸೋರಬಾರದು ಅಂತನೇ ಮಾಡಿದ ಪೆಟ್ಟಿಗಿ, ಇದಕ್ಕಿಂತ ಬರೋಬ್ಬರ್ ಯಾವುದು ಸಿಗ್ತದ ಎನ್ನುವುದು ಅವರ ವಾದ. ರೀಡುಗಳನ್ನು ಕಿತ್ತು, ತೂತುಗಳಿಗೆ ಮೇಣ ತುಂಬಿದರು. ಗುಜರಿ ಫ್ರಿಜ್ಜಿನ ಬಾಗಿಲಿನ ರಬ್ಬರನ್ನು ಮುಚ್ಚಳದ ಸುತ್ತ ಅಂಟಿಸಿದರು. ಚಾಚಾನ ಸೇಠ್ ಎಸೆದ ಖಾಲಿ ಸಿಗಾರ್ ಪೆಟ್ಟಿಗೆಗಳ ತೆಳು ಹಲಗೆಯನ್ನು ಒಳಗೆ ಹೊದಿಸಿದರು. ಆ ಮರದ ವಾಸನೆಯೇ ಅದಕ್ಕೆ ಸೇರಬೇಕಂತೆ. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಸ್ಪಂಜಿನ ತುಂಡು, ಅದಕ್ಕೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಬೋರಿನ ನೀರು ಹಾಕಿದರೆ ಸ್ಪಂಜಿಗೆ ಉಪ್ಪು ಕಟ್ಟುತ್ತದೆ, ನಮ್ಮೂರ ನೀರು ಕುಡಿದು ನಮಗೆ ಕಿಡ್ನಿಯಲ್ಲಿ ಕಟ್ಟುವ ಹಾಗೆ. ಮುಚ್ಚಳ ಗಟ್ಟಿಯಿದೆಯೋ ಇಲ್ಲವೋ ಎನ್ನುವ ಪರೀಕ್ಷೆಗೆ ಹಳೆಯ ಬಸ್ ಟಿಕೆಟ್ಟೊಂದನ್ನು ನಡುವೆ ಸಿಗಿಸಿ ಜಗ್ಗುತ್ತಿದ್ದರು. ಸಲೀಸಾಗಿ ಬಂದರೆ ಫೇಲು. ಹರಿದರೆ ಪಾಸು.

ತೇವ ತೋರಿಸುವ ಪುಟ್ಟ ಮೀಟರ್ ತರಿಸಿಕೊಟ್ಟವನು ನಾನು. ಕಾಕಾ ಅದನ್ನು ನಂಬಲಿಲ್ಲ. ಒದ್ದೆ ಉಪ್ಪು ತುಂಬಿದ ಬಾಟಲಿ ಮುಚ್ಚಳದ ಜೊತೆ ಅದನ್ನು ಚೀಲದಲ್ಲಿ ಬಿಗಿದು ಒಂದು ದಿನ ಇಟ್ಟರು. ಎಪ್ಪತ್ತೈದು ತೋರಿಸಬೇಕಾದದ್ದು ಎಪ್ಪತ್ತೊಂದು ತೋರಿಸಿತು. “ನಾಕು ಕಡಿಮಿ ಹೇಳ್ತದ. ಇರಲಿ, ದಿನಾ ನಾಕೇ ಕಡಿಮಿ ಹೇಳಿದ್ರ ಅದೂ ಪ್ರಾಮಾಣಿಕನೇ” ಅಂದರು. ಎಲ್ಲ ಮುಗಿದ ದಿನ ಹಾರ್ಮೋನಿಯಂ ಮುಂದೆ ಕೂತು, ಮೀಟರ್ ನೋಡಿ, ನನ್ನ ಕಡೆ ತಿರುಗಿ ಹೇಳಿದ ಮಾತನ್ನು ನಾನು ಎಷ್ಟು ಮದುವೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ: “ತಮ್ಮಾ, ಜೀವಮಾನದಾಗ ಮೊದಲನೇ ಸಲ ಏನರೆ ಒಂದು ನನ್ನ ಕಂಟ್ರೋಲಿನಾಗ ಅದ.”

ಸಿಗಾರ್‌ಗಳನ್ನು ಅವರು ಪ್ಯಾಸೆಂಜರ್ ಎಂದೇ ಕರೆಯುತ್ತಿದ್ದರು. ಸ್ಪಂಜಿನ ಹತ್ತಿರ ಕೂತವರು ಬೆವರುತ್ತಾರೆ, ದೂರ ಕೂತವರು ಒಣಗುತ್ತಾರೆ. ಹಾಗಾಗಿ ತಿಂಗಳಿಗೊಮ್ಮೆ ಎಲ್ಲರ ಸೀಟು ಬದಲು. ಹೊಸದಾಗಿ ಬಂದವರಲ್ಲಿ ಹುಳದ ಮೊಟ್ಟೆ ಇರಬಹುದೆಂದು ಮೊದಲು ಕಾಕುವಿನ ಫ್ರೀಜರಿನಲ್ಲಿ, ಬಟಾಣಿಯ ಪಕ್ಕ, ಕೆಲವು ದಿನದ ವನವಾಸ. ಕಾಕು ದಿನವೂ ಲಿಂಗಪೂಜೆ ಮಾಡಿಯೇ ನೀರು ಕುಡಿಯುವ ಹೆಂಗಸು. ಈ ಹೊಸ್ತಿಲೊಳಗೆ ಅದಕ್ಕೆ ಬೆಂಕಿ ತಾಗಬಾರದೆಂದು ಕರಾರು ಮಾಡಿದ್ದಳು. ಹಚ್ಚುವುದೇ ಇಲ್ಲ, ಇಡುವುದಷ್ಟೇ ಎಂದು ಕಾಕಾ ಒಪ್ಪಿಕೊಂಡಿದ್ದರು. ಓಣಿಯವರು ಕೇಳಿದರೆ ಕಾಕು ಅದನ್ನು ಹೋಮಿಯೋಪತಿ ಎನ್ನುತ್ತಿದ್ದಳು.

ಅವರು ನಿಜವಾಗಿಯೂ ಹಚ್ಚುತ್ತಿರಲಿಲ್ಲ. ಇದೇ ಅವರ ವಿಚಿತ್ರ. ಚಾಚಾ ಮಸ್ಕತ್ ಬಿಟ್ಟು ಖಾಯಂ ಆಗಿ ಬರುವ ದಿನ ಇಬ್ಬರೂ ಊರಾಚೆಯ ಗುಡ್ಡದ ಮೇಲೆ ಕೂತು ಸೇದಬೇಕು, ಅಲ್ಲಿಯವರೆಗೆ ಇಲ್ಲ ಎಂದು ಮಾತಾಗಿತ್ತು. ಚಾಚಾ ರಜೆಗೆ ಬಂದಾಗಲೆಲ್ಲ ಇಬ್ಬರೂ ಮುಚ್ಚಳ ತೆರೆದು, ಸರದಿಯ ಮೇಲೆ ಮೂಗು ತೂರಿಸಿ, ಒಬ್ಬರ ಮುಖ ಒಬ್ಬರು ನೋಡಿ, ಮತ್ತೆ ಮುಚ್ಚುತ್ತಿದ್ದರು. ನಾನು ನೋಡಿದ ಅತ್ಯಂತ ಸಜ್ಜನಿಕೆಯ ವ್ಯಸನ ಅದು.

ಕಡೆಗೆ ಚಾಚಾನ ಖಾಯಂ ಟಿಕೆಟ್ ಬಂತು. ಮೇ ತಿಂಗಳಲ್ಲಿ ಬರುವವರಿದ್ದರು. ಕಾಕಾ ಏಪ್ರಿಲಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೊರಟರು, ಗೆಳೆಯನ ಮಾರಿ ನೆಟ್ಟಗೆ ಕಾಣಲಿ ಎಂದು. ಆಪರೇಷನ್ ಸೋಲಾಪುರದಲ್ಲಿ, ಉಳಿಯುವುದು ಕಾಕುವಿನ ತಮ್ಮನ ಮನೆಯಲ್ಲಿ. ಮನೆಯ ಕೀಲಿಯನ್ನೂ ಎಂಟು ಪ್ಯಾಸೆಂಜರುಗಳನ್ನೂ ನನಗೆ ಒಪ್ಪಿಸಿದರು. ಸ್ಪಂಜು ಒಣಗಿದರೆ ನೀರು ಹಾಕು, ಮೀಟರ್ ನೋಡಿ ಮುಚ್ಚು, ನಿನ್ನ ಅಕ್ಕಲ್ ಮಾತ್ರ ಉಪಯೋಗಿಸಬ್ಯಾಡ ಎಂದು ಹೇಳಿ ಬಸ್ ಹತ್ತಿದರು.

ಮೂರು ದಿನ ಉಪಯೋಗಿಸಲಿಲ್ಲ. ನಾಲ್ಕನೆಯ ದಿನ ಮುಚ್ಚಳ ತೆರೆದಾಗ ಸಿಗಾರಿನ ಮೈಮೇಲೆ ಬೆಳ್ಳಗೆ ಪುಡಿ ಉದುರಿದ ಹಾಗೆ ಕಂಡಿತು. ಒಂದನ್ನು ಅವ್ವನ ಮುಂದೆ ಹಿಡಿದೆ.

“ಬೂಷ್ಟು ಬಂದದ. ಬಿಸಲಿಗಿ ಹಾಕು” ಅಂದಳು.

ನಮ್ಮ ಮನೆಯಲ್ಲಿ ಇದು ಎಲ್ಲದಕ್ಕೂ ಒಂದೇ ಔಷಧ. ಕೌದಿ, ಹುಣಸೆಹಣ್ಣು, ಜೋಳ, ನೆಂದ ಮಾರ್ಕ್ಸ್ ಕಾರ್ಡ್, ನೆಗಡಿಯಾದ ನಾನು — ಎಲ್ಲವೂ ಆ ಮಾಳಿಗೆಯ ಮೇಲೆ ಒಂದಲ್ಲ ಒಂದು ದಿನ ಬಿದ್ದು ಸುಧಾರಿಸಿಕೊಂಡವರೇ. ಅವತ್ತು ಹೇಗೂ ಜೀರಿಗೆ, ಮೆಣಸಿನಕಾಯಿ ಹಾಕಿ ರುಬ್ಬಿದ ಸಂಡಿಗೆ ಇಡುತ್ತಿದ್ದಳು. ಹಳೆಯ ಧೋತ್ರದ ಒಂದು ಅಂಚಿನಲ್ಲಿ ಎಂಟು ಸೀಟು ಖಾಲಿ ಇದ್ದವು. ಮುಂದಿನದು ನಿಮಗೆ ಗೊತ್ತು.

ಸಂಜೆ ಹುಮನಾಬಾದಿನಿಂದ ಬಂದು ಒಂದನ್ನು ಎತ್ತಿದೆ. ಹಪ್ಪಳದ ಹಾಗೆ ಮುರಿಯಿತು. ಉಳಿದ ಏಳನ್ನು ಎತ್ತಲೇ ಇಲ್ಲ, ಧೋತ್ರ ಸಮೇತ ಹೊತ್ತುಕೊಂಡು ಇಳಿದೆ, ಪೆಟ್ಟಾದವರನ್ನು ಆಸ್ಪತ್ರೆಗೆ ಒಯ್ಯುವ ಹಾಗೆ. ಅವ್ವ ಹಿಂದಿನಿಂದ, “ನನ್ನ ಸಂಡಿಗಿ ಕೆಳಗ ಬೀಳಾಕತ್ತಾವ ನೋಡು” ಎಂದು ಕೂಗುತ್ತಿದ್ದಳು. ಆ ಕ್ಷಣದಲ್ಲಿ ನನಗೆ ಕಂಡದ್ದು ಒಂದೇ ಚಿತ್ರ: ಗುಡ್ಡದ ಮೇಲೆ ಇಬ್ಬರು ಮುದುಕರು, ಇಷ್ಟು ವರ್ಷ ಮೂಸಿ ಮೂಸಿ ಮುಚ್ಚಿಟ್ಟ ಆಸೆ, ಮತ್ತು ಕೈಯಲ್ಲಿ ಹೊಟ್ಟು.

ಇದಕ್ಕೆ ಮದ್ದು ಬಲ್ಲವರು ಒಬ್ಬರೇ, ಅವರನ್ನೇ ಕೇಳುವ ಹಾಗಿಲ್ಲ. ಆಗ ನನ್ನ ದಡ್ಡತನಕ್ಕೆ ನನ್ನ ಪ್ರತಿಭೆ ಬಂದು ಜೊತೆಗೂಡಿತು. ಮಸ್ಕತ್ ಚಾಚಾ ಶುಕ್ರವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು, ಕಾಕಾ ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದರು. ಆ ದನಿ ನನಗೆ ಬಾಯಿಪಾಠ. ಇಂಟರ್ನೆಟ್ ಕರೆಯಾದ್ದರಿಂದ ಒಂದೊಂದು ಸಲ ಒಂದೊಂದು ನಂಬರು ಬರುತ್ತಿತ್ತು. ಅದೂ ಅಲ್ಲದೆ ಕಾಕಾನ ಕಣ್ಣಿಗೆ ಪಟ್ಟಿ. ಮರುದಿನ ಅಂಗಡಿಯ ಹೊಸ ಸಿಮ್ ಒಂದನ್ನು ಹಾಕಿಕೊಂಡು, ಒಳಗೆ ಮಾಲೀಕ ಇದ್ದದ್ದರಿಂದ ಹೊರಗೆ ಹೋಗಿ ಸ್ಟ್ಯಾಂಡಿನ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತೆ. ಅಲ್ಲಿಯ ಕೂಗಾಟ, ಹಾರ್ನು, ಸೀಟಿ ಯಾವುದೂ ನನ್ನ ಕಿವಿಗೆ ಬೀಳುವುದಿಲ್ಲ. ದಿನವೂ ಅದರೊಳಗೇ ಇರುವವರಿಗೆ ಅದು ಗಾಳಿ ಇದ್ದ ಹಾಗೆ.

ಫೋನೆತ್ತಿದವಳು ಕಾಕು. ನಾನು ಚಾಚಾನ ಹಾಗೆ ಮೊದಲು ಒಂದು ಕೆಮ್ಮು ಕೆಮ್ಮಿ, ಹಲೋ ಎನ್ನುವುದನ್ನು ಮೂರು ಸಲ ಎಳೆದೆ. ಕಾಕು ತಕ್ಷಣ, “ಏನ್ರೀ, ನಿಮ್ಮ ದೋಸ್ತಂದು ಫೋನ್ ಬಂದದ” ಎಂದು ಒಳಗೆ ಹೋದಳು. ನನಗೆ ಎರಡು ಕೊಂಬು ಮೂಡಿದವು.

“ಅರೇ ಯಾರ್, ಒಂದು ಪರೇಶಾನಿ ಅದ” ಅಂದೆ. “ಇಲ್ಲಿ ನಮ್ಮ ಸೇಠನ ಸಿಗಾರ್ ಏಸಿ ಗಾಳಿಗಿ ಕಡಕ್ ಆಗ್ಯಾವ. ಮುಟ್ಟಿದ್ರ ಮುರೀತಾವ. ಏನು ಮಾಡಬೇಕು?”

ಆ ಕಡೆಯಿಂದ ದೀರ್ಘ ಮೌನ. ‘ಪ್ರಯಾಣಿಕರ ಗಮನಕ್ಕೆ’ ಎಂದ ಮೇಲೆ ಬಿಡುತ್ತಿದ್ದಂಥ ಮೌನ. ಕಣ್ಣು ನೋಯುತ್ತಿರಬೇಕು ಪಾಪ ಅಂದುಕೊಂಡೆ. ಆಮೇಲೆ ನಿಧಾನಕ್ಕೆ ಶುರು ಮಾಡಿದರು. ಎಷ್ಟು ಒಣಗ್ಯಾವ, ಸಿಪ್ಪಿ ಸೀಳ್ಯಾವೇನು, ಎಷ್ಟು ಉಳದಾವ ಎಂದು ಒಂದೊಂದೇ ಕೇಳಿದರು. ಏಳು ಅಂದೆ.

“ಹಂಗಾದ್ರ ಕೇಳು. ಮ್ಯಾಲ ನೀರು ಚಿಮಕಸಬ್ಯಾಡ, ಒಮ್ಮಿಗೇ ತ್ಯಾವದಾಗ ಇಡಬ್ಯಾಡ. ಬಾಯಾರಿದವನ್ನ ಬಾವಿಗಿ ದೂಡಿದಂಗ ಆಗ್ತದ, ಹೊಟ್ಟಿ ಒಡೀತಾವ. ಮೊದಲು ಒಂದು ಖಾಲಿ ಡಬ್ಬಿನಾಗ ಹಾಕು. ಸ್ಪಂಜು ಹಿಂಡಿ ಹಿಂಡಿ, ಕೈಗಿ ತಂಪು ಅನಸಬೇಕು, ನೀರು ಹತ್ತಬಾರದು, ಅಷ್ಟು ಮಾಡಿ ಇಡು. ವಾರಕ್ಕ ಜರಾ ಜರಾ ಹೆಚ್ಚಸು. ಕಡೀಕ ಪೆಟ್ಟಿಗಿಗಿ ಹಾಕು. ಒಂದು ತಿಂಗಳು ಹಿಡೀತದ, ಅವಸರ ಮಾಡಬ್ಯಾಡ.” ಅದರ ಬೆನ್ನಿಗೇ, “ನಾನೂ ಇಲ್ಲಿಂದ ಲಗೂನ ಬರಾದಿಲ್ಲ. ನಂದೂ ಒಂದು ತಿಂಗಳು ಹಿಡೀತದಂತ” ಅಂದರು.

ನಾನು ಫೋನಿಟ್ಟು ಕಾಂಪೌಂಡಿನ ಪಕ್ಕ ಎರಡು ಹೆಜ್ಜೆ ಕುಣಿದೆ. ಅದೃಷ್ಟ ಅಂದರೆ ಇದು. ಪೊರೆಯ ಆಪರೇಷನ್ನಿಗೆ ಒಂದು ತಿಂಗಳು ಯಾಕೆ ಎಂದು ಕೇಳುವಷ್ಟು ತಲೆ ನನ್ನಲ್ಲಿದ್ದಿದ್ದರೆ ಸಿಗಾರನ್ನು ಮಾಳಿಗೆಗೆ ಒಯ್ಯುತ್ತಲೇ ಇರಲಿಲ್ಲ.

ಆ ತಿಂಗಳು ನಾನು ಬಾಣಂತಿಯ ಹಾಗೆ ಬದುಕಿದೆ. ಅವ್ವನ ಹೊಸ ಡಬ್ಬಿ ಕದ್ದೆ. ಸ್ಪಂಜನ್ನು ಹಿಂಡಿ ಕೆನ್ನೆಗೆ ಒತ್ತಿ ಪರೀಕ್ಷಿಸಿದೆ. ಎರಡು ಮದುವೆಯ ನಿರೂಪಣೆ ಬಿಟ್ಟೆ. ಒಂದರಲ್ಲಿ ನನ್ನ ಬದಲು ಹೋದವನು ನನಗಿಂತ ಚೆನ್ನಾಗಿ ಮಾಡಿದನಂತೆ, ಆ ನೋವು ಬೇರೆ. ಮೂರನೆಯ ವಾರದ ಹೊತ್ತಿಗೆ ಸಿಗಾರ್ ಒತ್ತಿದರೆ ಸ್ವಲ್ಪ ಮಣಿದು ಮತ್ತೆ ಎದ್ದುಕೊಳ್ಳತೊಡಗಿತು. ಅವತ್ತು ಅವ್ವನನ್ನು ತಬ್ಬಿಕೊಂಡೆ. ಅವಳು ಹಣೆ ಮುಟ್ಟಿ ನೋಡಿ, ಬಿಸಿಲಿಗೆ ಕೂಡು ಅಂದಳು.

ಚಾಚಾ ಬರುವ ಹಿಂದಿನ ದಿನ ಕಾಕಾ ಕಾಕು ಬಂದರು. ಕಾಕು ಚೀಲ ಇಳಿಸುತ್ತಲೇ ಅವ್ವನ ಮುಂದೆ ದೂರು ತೆಗೆದಳು. ಡಾಕ್ಟರು ಒಂದೇ ವಾರಕ್ಕೆ ಊರಿಗೆ ಹೋಗ್ರಿ ಅಂದಿದ್ದರಂತೆ, ಇವರೇ ಬೆಳಕು ಚುಚ್ಚುತ್ತದೆ ಎಂದು ನೆಪ ತೆಗೆದು ತಿಂಗಳು ಪೂರ್ತಿ ತಮ್ಮನ ಮನೆಯ ಮಂಚ ಬಿಟ್ಟಿಳಿಯಲಿಲ್ಲವಂತೆ, ತಮ್ಮನ ಹೆಂಡತಿಯ ಮುಂದೆ ಇವಳ ಮಾನ ಹೋಯಿತಂತೆ. ಅಳಿಯತನದ ಸುಖ ಈ ವಯಸ್ಸಿನಲ್ಲೂ ಬಿಡದು ನೋಡಿ ಎಂದು ನಾನು ಒಳಗೊಳಗೇ ನಕ್ಕೆ, ಮುಂದಿನ ಮದುವೆಗೆ ಸರಕು ಸಿಕ್ಕಿತೆಂದು ಅದನ್ನು ಮನಸ್ಸಿನಲ್ಲಿ ಗಂಟು ಕಟ್ಟಿಟ್ಟೆ. ಕಾಕಾ ಕಪ್ಪು ಕನ್ನಡಕ ತೆಗೆದು, ಮುಚ್ಚಳ ಎತ್ತಿ, ಬಹಳ ಹೊತ್ತು ಮೂಸಿದರು.

“ಒಬ್ಬ ಪ್ಯಾಸೆಂಜರ್ ಎಲ್ಲಿ ಇಳದಾ?”

“ಕೈ ಜಾರಿ ಮುರೀತ್ರಿ ಕಾಕಾ.”

“ಹೂಂ” ಅಂದರು. ಮುಚ್ಚಳ ಹಾಕಿದರು.

ಮರುದಿನ ಸಂಜೆ ಗುಡ್ಡ ಹತ್ತಿದೆವು. ಬೆಂಕಿಪೆಟ್ಟಿಗೆ ಹೊರುವ ನೆಪದಲ್ಲಿ ನಾನೂ ಹೋದೆ. ಕೆಳಗೆ ಊರು, ಕೋಟೆಯ ಗೋಡೆ, ದೂರದಲ್ಲಿ ಇರುವೆಗಳ ಹಾಗೆ ಲಾರಿಗಳು. ಇಬ್ಬರೂ ಬಂಡೆಯ ಮೇಲೆ ಕೂತರು. ಕಾಕಾ ತುದಿ ಕತ್ತರಿಸಿ, ಗೆಳೆಯನದನ್ನು ಮೊದಲು ಹಚ್ಚಿದರು. ಚಾಚಾ ಒಂದು ದಮ್ಮು ಎಳೆದು, ಬಾಯಲ್ಲೇ ತಿರುಗಿಸಿ, ಹೊಗೆ ಬಿಟ್ಟರು. ಇನ್ನೊಂದು ಎಳೆದರು. ಅವರ ಕಣ್ಣು ತುಂಬಿತ್ತು, ಹೊಗೆಗೋ ಏನೋ.

“ಸೇಠನ ಮನ್ಯಾಗೂ ಇಂಥಾದು ಇರಲಿಲ್ಲ ಯಾರ್” ಅಂದರು. ಆಮೇಲೆ ಹುಬ್ಬು ಗಂಟಿಕ್ಕಿ, “ಜೀರಿಗಿ ವಾಸನಿ ಬರಾಕತ್ತದಲ್ಲ?”

“ಹಳೇವಾದ್ರ ಹಂಗೇ ಬರ್ತದ” ಎಂದರು ಕಾಕಾ, ಮುಖದ ಒಂದು ಗೆರೆಯೂ ಅಲುಗಿಸದೆ.

ಇಬ್ಬರೂ ಸಿಗಾರ್ ಅರ್ಧಕ್ಕೆ ಬರುವವರೆಗೆ ಮಾಸ್ತರರ ಏಟು, ಫೇಲಾದ ಲೆಕ್ಕದ ಪೇಪರು ಎಂದು ನಗುತ್ತಿದ್ದರು. ಭಯ ಹೋದ ಜಾಗಕ್ಕೆ ನನ್ನೊಳಗೆ ಸೊಕ್ಕು ಬಂದು ಕೂತಿತು. ಚಾಚಾ ಏನಾದರೂ ಮಾಡಿ ತೋರಿಸು ಎಂದದ್ದೇ ತಡ, ಎದ್ದು ನಿಂತು ಅವರ ದನಿಯನ್ನು ಅವರ ಮುಂದೆಯೇ ತೆಗೆದೆ. ಆ ಕೆಮ್ಮು, ಮೂರು ಹಲೋ, ಅರೇ ಯಾರ್, ಎಲ್ಲ. ಚಾಚಾ ತೊಡೆ ತಟ್ಟಿ ನಕ್ಕು, ನನ್ನ ಹೆಂಡತಿ ಸುದ್ದಾ ಮೋಸ ಹೋಗ್ತಾಳ ಎಂದರು. ನನಗೆ ಅಷ್ಟು ಸಾಕಾಗಿತ್ತು, ಆದರೆ ಬಾಯಿಗೆ ಸಾಕಾಗಲಿಲ್ಲ.

“ಕಾಕಾ, ನೀವು ಗಾಡಿ ಹಾರ್ನ್ ಗುರ್ತು ಹಿಡೀತೀರಿ ಖರೆ. ಈ ಧ್ವನಿ ಮಾತ್ರ ನಿಮಗೂ ಗೊತ್ತಾಗಂಗಿಲ್ರಿ” ಅಂದೆ.

ಕಾಕಾ ಸಿಗಾರಿನ ಬೂದಿಯನ್ನು ಬಂಡೆಯ ಅಂಚಿಗೆ ಮೆಲ್ಲಗೆ ತಾಗಿಸಿ ಉದುರಿಸಿದರು. ಕಣ್ಣು ಮುಚ್ಚಿ, ಗದ್ದ ಸ್ವಲ್ಪ ಮೇಲೆತ್ತಿದರು.

“ಧ್ವನಿ ಬರೋಬ್ಬರ್ ಇತ್ತಪಾ ತಮ್ಮಾ. ಆದ್ರ ಡಾಕ್ಟರ್ ಪಟ್ಟಿ ಕಟ್ಟಿದ್ದು ನನ್ನ ಕಣ್ಣಿಗಿ, ಕಿವಿಗಲ್ಲ. ಅದೊಂದು ಹೇಳು, ಮಸ್ಕತ್‌ನಾಗ ಮನ್ನಾಏಖೇಳ್ಳಿ ಬಸ್ ಯಾವಾಗಿಂದ ಬಿಡಾಕತ್ತಾರ?”